ಜಿಂಕೆಯ ಮುಂದೆ ಆಡಿದ ಮಾತು

ಫೆಬ್ರವರಿ ೩, ಸೋಮವಾರ

ಗಾಳಿಗೆ ಅಲ್ಲಾಡಿದ ಹುಲ್ಲು. ಮತ್ತೆ ಹುಲ್ಲು. ಎಮ್ಮೆ. ಹುಲ್ಲು. ಭೋರ್ ಬೆಟ್ಟದಲ್ಲಿ ಮರಗಳಿಗೆ ಕಟ್ಟಿದ ಕ್ಯಾಮೆರಾಗಳಿಂದ ತಂದ ಕಾರ್ಡುಗಳಲ್ಲಿ ಅರ್ಧವೂ ಮುಗಿದಿಲ್ಲ, ಕಣ್ಣು ಉರಿ. ಯಾರನ್ನೂ ಬಯ್ಯುವ ಹಾಗಿಲ್ಲ — ಫೋಟೋ ಸಾಕು ಅಂದಿದ್ದ ಆಫೀಸಿನ ಜೊತೆಗಾರ ಋಷಿಕೇಶ, ವಿಡಿಯೊ ಮೋಡ್ ಬೇಕು ಅಂತ ಹಟ ಹಿಡಿದವಳು ನಾನು. ಫೋಟೋದಲ್ಲಿ ಜಿಂಕೆ ಬಂದಿತ್ತು ಅಂತ ಗೊತ್ತಾಗುತ್ತದೆ. ಕಿವಿ ಯಾವ ಕಡೆ ತಿರುಗಿತು, ಯಾವ ಸಪ್ಪಳಕ್ಕೆ ಓಡಿತು, ಯಾವುದಕ್ಕೆ ಓಡಲಿಲ್ಲ — ಅದಕ್ಕೆ ವಿಡಿಯೊ ಬೇಕು, ಧ್ವನಿ ಸಮೇತ.

ಬೆಟ್ಟದವರು ಭೇಕರ ಅನ್ನುವ ಆ ಸಣ್ಣ ಜಿಂಕೆ ಹೆದರಿದಾಗ ನಾಯಿಯ ಹಾಗೆ ಬೊಗಳುತ್ತದೆ ಅಂದರೆ ಅವ್ವ ಇನ್ನೂ ನಂಬುವುದಿಲ್ಲ. “ಜಿಂಕಿ ಎಲ್ಲೆರೆ ಬೊಗಳ್ತದೇನ? ಹುಚ್ಚಿ.” ಚಹಾ ಇಟ್ಟು ಹೋದಳು.

ಸಂಜೆ ೬

ಒರತೆಯ ಬಳಿಯ ಕ್ಯಾಮೆರಾ. ಹೆಣ್ಣು ಭೇಕರ ನೀರು ಕುಡಿಯುತ್ತಿದೆ. ಹಿಂದೆ ಹೆಜ್ಜೆ ಸಪ್ಪಳ. ತಲೆ ಎತ್ತಿತು. ಈಗ ಓಡುತ್ತದೆ ಅಂದುಕೊಂಡೆ... ಓಡಲಿಲ್ಲ. ರಂಗೂಬಾಯಿ ಮಾವಶಿ ಬಟ್ಟೆಯ ಗಂಟು ಹೊತ್ತು ಬಂದರು. ಕ್ಯಾಮೆರಾಕ್ಕೆ ಬೆನ್ನು ಮಾಡಿ ಕೂತರು. ಗಂಡನ ಹಾಸಿಗೆಯ ಬಟ್ಟೆ ನೆನೆ ಹಾಕುತ್ತಾ ಜಿಂಕೆಯ ಜೊತೆ ಮಾತು ಶುರು ಮಾಡಿದರು. ಕನ್ನಡದಲ್ಲಿ.

“ಇವತ್ತೂ ಸಾಯಲಿಲ್ಲವ್ವಾ ಅಂವಾ. ಮುಂಜಾನೆದ್ದು ಮೂಗಿನ ಮುಂದ ಬೆರಳ ಹಿಡದ ನೋಡ್ತೀನಿ. ಉಸರ ಇರ್ತದ. ಒಂದ ಕಡೆ ಸಮಾಧಾನ, ಒಂದ ಕಡೆ ಸಂಕಟ. ಎಂದ ಹೋಗ್ತಾನೋ, ಎಂದ ನಾ ಒಂದ ಪೂರಾ ನಿದ್ದಿ ಮಾಡ್ತೀನೋ...”

ಕ್ಲಿಪ್ ಅಲ್ಲಿಗೆ ಮುಗಿಯಿತು.

ನಾವು ಫೀಲ್ಡಿಗೆ ಹೋದಾಗ ಊಟ ಅವರ ಮನೆಯಲ್ಲೇ; ಮಾವಶಿ, ಚಿಕ್ಕಮ್ಮ, ಅಂತಲೇ ಕರೆಯುವುದು. ಹುಟ್ಟಿದ್ದು ಜತ್ತ ಕಡೆಯ ಕನ್ನಡದ ಹಳ್ಳಿಯಲ್ಲಿ. ಮದುವೆಯಾಗಿ ಈ ಮರಾಠಿ ಬೆಟ್ಟ ಹತ್ತಿದ ಮೇಲೆ ಅವರ ಮಾತು ಬಲ್ಲವರು ಸುತ್ತ ಯಾರೂ ಇಲ್ಲ. ನಮ್ಮದು ಧಾರವಾಡದ ಕಡೆ ಅಂತ ತಿಳಿದ ದಿನ ನನ್ನ ಕೈ ಹಿಡಿದು ಎಷ್ಟೋ ಹೊತ್ತು ಬಿಟ್ಟಿರಲಿಲ್ಲ. ಮಕ್ಕಳಿಲ್ಲ. ಗಂಡ ಭುಜಂಗ ಕಾಕಾ ಲಕ್ವಾ ಹೊಡೆದು ವರ್ಷಗಟ್ಟಲೆಯಿಂದ ಹಾಸಿಗೆಯಲ್ಲಿ. ಹೆಂಡತಿ ಅಂದರೆ ಹೀಗಿರಬೇಕು ಅಂತ ಇಡೀ ಊರು ಅವರನ್ನು ತೋರಿಸುತ್ತದೆ.

ಮನುಷ್ಯರು ಕಂಡರೆ ಆ ಕ್ಲಿಪ್ ಕೂಡಲೇ ಅಳಿಸಬೇಕು. ನಮ್ಮ ಆಫೀಸಿನ ನಿಯಮ. ನಾನೇ ಎಲ್ಲರಿಗೂ ಹೇಳಿಕೊಡುವ ನಿಯಮ.

ಅಳಿಸಲಿಲ್ಲ. ಮುಂದಿನದನ್ನು ನೋಡಿದೆ. ಅದರ ಮುಂದಿನದನ್ನೂ.

ಫೆಬ್ರವರಿ ೪

ಎಮ್ಮೆ ಕಾಯುವವರನ್ನು ಕಂಡರೆ ಭೇಕರ ಓಡುತ್ತದೆ. ನನ್ನನ್ನು ಕಂಡರೆ ಓಡುತ್ತದೆ. ಋಷಿಕೇಶ ದೂರದಲ್ಲಿ ಕೆಮ್ಮಿದರೂ ಬೊಗಳಿ ಮಾಯ. ಮಾವಶಿ ಬಂದರೆ ಮಾತ್ರ ನಿಲ್ಲುತ್ತದೆ. ಅವರು ಮಾತು ಶುರು ಮಾಡಿದೊಡನೆ ಕಿವಿ ಸಡಿಲ ಬಿಟ್ಟು ಮೇಯಲು ಹತ್ತುತ್ತದೆ. ಒಂದು ಸಲವಲ್ಲ, ಪ್ರತಿ ಸಲ. ಒಂದು ಕಾಡು ಪ್ರಾಣಿ ಒಬ್ಬಳೇ ಒಬ್ಬ ಹೆಂಗಸಿನ ಧ್ವನಿ ಗುರುತಿಟ್ಟುಕೊಂಡಿದೆ! ಇಡೀ ಪ್ರಾಜೆಕ್ಟಿನಲ್ಲಿ ಇಂಥದ್ದು ಸಿಕ್ಕಿಲ್ಲ.

ಡೇಟಾ ಅದು. ಡೇಟಾ ಹೇಗೆ ಅಳಿಸುವುದು?

ಹೀಗೆ ಬರೆದರೆ ಸರಿ ಅನ್ನಿಸುತ್ತದೆ. ಜೋರಾಗಿ ಹೇಳಿ ನೋಡಿದೆ. ಅನ್ನಿಸಲಿಲ್ಲ.

ಫೆಬ್ರವರಿ ೧೨. ಭೋರ್‌ನಿಂದ ವಾಪಸು ಬರುತ್ತಾ, ಗಾಡಿಯಲ್ಲಿ

ಮಧ್ಯಾಹ್ನ ಅವರಲ್ಲೇ ಊಟ. ಭಾಕ್ರಿ, ಪುಂಡಿಪಲ್ಲೆ — ನನಗೋಸ್ಕರ ಮಾಡಿದ್ದು. ಕಾಕಾಗೆ ಮೆತ್ತಗಿನ ಅನ್ನ ಉಣಿಸುತ್ತಿದ್ದರು. ಪ್ರತಿ ತುತ್ತಿಗೂ ಗಲ್ಲ ಒರೆಸುತ್ತಿದ್ದರು. ಕಾಕಾ ಬಾಯಿಂದ “ನಕೊ”, ಬೇಡ, ಅನ್ನುವುದೊಂದು ಮಾತ್ರ ಹೊರಡುತ್ತದೆ. ನನಗೆ ಅವರಿಬ್ಬರ ಕಡೆ ನೋಡಲಾಗಲಿಲ್ಲ.

“ಈ ವರ್ಷ ನಿನ್ನ ಜಿಂಕಿ ಸಿಕ್ಕಾವೇನ?”

“ಸಿಕ್ಕಾವ ಮಾವಶಿ.”

“ಹ್ವಾದ ವರ್ಷದ್ಹಂಗ ಫೋಟೋನ ತಗೀತಾವಲ್ಲ ಆ ಡಬ್ಬಿ?”

“ಹೂಂ.”

“ನಾವ ಅಡ್ಡ ಬಂದ್ರ?”

“ಅಳಿಸಿಬಿಡ್ತೀವಿ ರೀ.”

“ಛಲೋ ಆತು. ನಮ್ಮ ಸುಟ್ಟ ಮಾರಿ ಯಾರ್ ನೋಡಬೇಕು.” ನಕ್ಕರು. ಇನ್ನೊಂದು ಭಾಕ್ರಿ ಹಾಕಿದರು. ತಿಂದೆ.

ಈ ವರ್ಷ ವಿಡಿಯೊ, ಮಾತೂ ಕೇಳಿಸುತ್ತದೆ ಅಂತ ಆ ಊರಲ್ಲಿ ಯಾರಿಗೂ ಹೇಳಿಲ್ಲ. ಹೇಳುವ ಕೆಲಸ ನನ್ನದಾಗಿತ್ತು. ಕ್ಯಾಮೆರಾ ಕಟ್ಟುವ ಗಡಿಬಿಡಿಯಲ್ಲಿ... ಗಡಿಬಿಡಿ ಏನೂ ಇರಲಿಲ್ಲ. ಮರೆತೆ. ಇವತ್ತು ಮರೆತದ್ದಲ್ಲ.

ಫೆಬ್ರವರಿ ೨೭

ಆಫೀಸಿನಲ್ಲಿ ಪ್ರೆಸೆಂಟೇಶನ್. ಒಂದೇ ಕ್ಲಿಪ್ ತೋರಿಸಿದೆ, ಆ ಮೊದಲನೆಯದನ್ನೇ. ಮುಖ ಕಾಣುವುದಿಲ್ಲ, ಬೆನ್ನು ಮಾತ್ರ. ಊರಿನ ಹೆಸರು ಇಲ್ಲ. ಧ್ವನಿ ಬಿಡಲೇಬೇಕಿತ್ತು, ಧ್ವನಿಯದೇ ವಿಷಯ. ಕೂತವರಲ್ಲಿ ಕನ್ನಡ ಬಲ್ಲವರು ಯಾರೂ ಇಲ್ಲ — ಮೊದಲೇ ಲೆಕ್ಕ ಹಾಕಿದ್ದೆ.

ಭೇಕರ ಕಿವಿ ಸಡಿಲ ಬಿಟ್ಟಾಗ ಎಲ್ಲರೂ ಕುರ್ಚಿಯಿಂದ ಮುಂದಕ್ಕೆ ಬಾಗಿದರು. ಆಮೇಲೆ ಚಪ್ಪಾಳೆ. ನಮ್ಮ ಮುಖ್ಯಸ್ಥ ಕೇದಾರ ಸರ್ ಎದ್ದು ನಿಂತರು. “ವಾ! ಆಕೆ ಏನು ಹೇಳ್ತಿದ್ದಾಳೆ?”

ಒಂದು ಕ್ಷಣ. ಅಷ್ಟೇ ಸಮಯ ಇತ್ತು.

“ಹಾಡು ಸರ್. ಕನ್ನಡದ ಜೋಗುಳ.”

ಮಾರ್ಚ್ ೧

ಋಷಿಕೇಶನ ಮೆಸೇಜ್: ಸಂಸ್ಥೆಯ ಪೇಜಿಗೆ ಹಾಕಲೇ, ಜಿಂಕೆಗೆ ಜೋಗುಳ ಹಾಡುವ ಅಜ್ಜಿ, ಮುಖ ಹೇಗೂ ಕಾಣುವುದಿಲ್ಲ.

ಬೇಡ ಅಂತ ಟೈಪ್ ಮಾಡಿದೆ. ಯಾಕೆ ಅಂತ ಕೇಳಿದರೆ? ಜೋಗುಳಕ್ಕೆ ಯಾರು ಬೇಡ ಅನ್ನುತ್ತಾರೆ? ಅಳಿಸಿದೆ. ಹೆಬ್ಬೆರಳಿನ ಚಿತ್ರ ಒತ್ತಿದೆ.

ಬರೀ ಹೆದರಿಕೆಯೂ ಅಲ್ಲ. ಕೆಳಗೆ ನಿನ್ನ ಹೆಸರು ಹಾಕುತ್ತೇನೆ ಅಂದಿದ್ದ.

ಮಾರ್ಚ್ ೫

ನೋಡಿದವರ ಸಂಖ್ಯೆ ಲಕ್ಷ ದಾಟಿದೆ. ಎಲ್ಲರೂ ಹಂಚುತ್ತಿದ್ದಾರೆ. ಮುಂಜಾನೆಯವರೆಗೆ ಹೃದಯದ ಚಿತ್ರಗಳು, ಕೈಮುಗಿದ ಚಿತ್ರಗಳು. ಮಧ್ಯಾಹ್ನ ಬೆಳಗಾವಿಯ ಯಾರೋ ಒಬ್ಬರು ಬರೆದರು: “ಇದು ಹಾಡಲ್ರಿ. ಈ ಮುದುಕಿ ಏನ್ ಅನ್ನಾಕತ್ತಾಳ ಗೊತ್ತದೇನ್ರಿ?” ಕೆಳಗೆ ಮರಾಠಿಯಲ್ಲಿ ಪೂರ್ತಿ ಅನುವಾದ. ಒಂದು ಶಬ್ದವೂ ತಪ್ಪಿಲ್ಲ.

ಆಮೇಲೆ ಬಂದದ್ದನ್ನು ಬರೆಯುವುದಿಲ್ಲ. ಗಂಡನ ಸಾವಿಗೆ ಕಾದು ಕೂತ ರಾಕ್ಷಸಿ ಅನ್ನುವುದು ಅವುಗಳಲ್ಲಿ ಮೆತ್ತಗಿನದು.

ಋಷಿಕೇಶನಿಗೆ ಫೋನ್ ಮಾಡಿ ಕಿರುಚಿದೆ, ತೆಗಿ, ಈಗಲೇ ತೆಗಿ.

“ತೆಗೆದೆ. ಆದರೆ ಶರ್ವರಿ, ಹಾಡು ಅಂದವಳು ನೀನಲ್ಲವಾ? ಗೊತ್ತಿದ್ದರೆ ನಾನು ಹಾಕುತ್ತಿದ್ದೆನಾ?”

ಫೋನು ಇಟ್ಟೆ. ತೆಗೆದು ಏನು ಪ್ರಯೋಜನ, ಎಷ್ಟು ಜನರ ಫೋನಿಗೆ ಇಳಿದುಹೋಗಿದೆಯೋ. ಒರತೆಯ ಬಳಿಯ ಆ ಕಪ್ಪು ಬಂಡೆಯನ್ನು ಆ ಬೆಟ್ಟದ ಪ್ರತಿಯೊಬ್ಬರೂ ಗುರುತು ಹಿಡಿಯುತ್ತಾರೆ. ಬೆನ್ನನ್ನೂ.

ಮಾರ್ಚ್ ೬

ಅವ್ವನಿಗೂ ಯಾರೋ ಕಳಿಸಿದ್ದಾರೆ. ಅಡುಗೆಮನೆಯಲ್ಲಿ ನಿಂತು ಕೇಳುತ್ತಿದ್ದಳು. ಬಯ್ಯುತ್ತಾಳೆ ಅಂದುಕೊಂಡೆ.

“ಇಕಿನ ಏನ ನಿಮ್ಮ ರಂಗೂಬಾಯಿ?”

“ಹೂಂ.”

ಒಲೆ ಆರಿಸಿದಳು. “ನಿಮ್ಮಜ್ಜಿ ಹಾಸಿಗಿ ಹಿಡದಾಗ ನಾನೂ ಅಂದೇನಿ. ಬಚ್ಚಲದಾಗ, ನಳಾ ಜೋರ ಬಿಟ್ಟು. ಅಂದು, ಮಾರಿ ತೊಳಕೊಂಡು ಬಂದು, ಗಂಜಿ ಕುಡಸ್ತಿದ್ದೆ.” ಫೋನು ಕಟ್ಟೆಯ ಮೇಲೆ ಬೋರಲು ಇಟ್ಟಳು. “ನೀ ಅಲ್ಲೆ ಕಿವಿ ಹಚ್ಚಿ ನಿಂತಿದ್ದೀ ಅಂತ ಗೊತ್ತಾಗಿದ್ರ ನಾ ಸತ್ತ ಹೋಗ್ತಿದ್ದೆ.”

ಮಾರ್ಚ್ ೯

ಬೆಟ್ಟಕ್ಕೆ ಹೋದೆ. ಒಬ್ಬಳೇ. ದಾರಿಯಲ್ಲಿ ಯಾರೂ ಎಂದಿನಂತೆ ಮಾತಾಡಿಸಲಿಲ್ಲ.

ಮನೆಯಲ್ಲಿ ಮಂಚ ಖಾಲಿ. ಕಾಕಾ ಹೋಗಿಬಿಟ್ಟರು ಅಂದುಕೊಂಡೆ. ಸತ್ತಿಲ್ಲ. ತಳೇಗಾಂವ ದಾಭಾಡೆಯಿಂದ ಕಾಕಾನ ತಮ್ಮ ನಿತಿನ ಬಂದು, ಅಂಗಳದಲ್ಲಿ ಎಲ್ಲರೆದುರು ಆ ವಿಡಿಯೊ ಹಚ್ಚಿ, ಅಣ್ಣನಿಗೂ ತೋರಿಸಿ, ಇವಳ ಕೈಯಲ್ಲಿ ಸಾಯಲು ಬಿಡುವುದಿಲ್ಲ ಅಂತ ಗಾಡಿಯಲ್ಲಿ ಮಲಗಿಸಿಕೊಂಡು ಹೋಗಿದ್ದಾನೆ.

ಮಾವಶಿ ಬಾಗಿಲಲ್ಲಿ ಕೂತಿದ್ದರು. ಮಡಿಲಲ್ಲಿ ಕೈ. ಆ ಕೈ ಸುಮ್ಮನೆ ಇದ್ದದ್ದನ್ನು ನಾನು ನೋಡಿಯೇ ಇರಲಿಲ್ಲ.

“ಯಾರ ಮಾಡಿದ್ರವ್ವಾ ಇದನ್ನ?”

“ಆಫೀಸಿನವರು, ಮಾವಶಿ. ನನಗ ಗೊತ್ತಾಗೋದ್ರಾಗ...”

ತಲೆ ಆಡಿಸಿದರು. “ನಿದ್ದಿ ಬೇಕು ನಿದ್ದಿ ಬೇಕು ಅಂತಿದ್ದೆ. ಈಗ ರಾತ್ರಿ ಪೂರಾ ಖಾಲಿ ಅದ. ಕಣ್ಣ ಮುಚ್ಚವಲ್ದು.”

ಚಹಾ ಮಾಡಲು ಎದ್ದರು. ನನಗೆ. ಬೇಡ ಅಂತ ಹೇಳಿ ಓಡಿ ಬಂದೆ.

ಮಾರ್ಚ್ ೨೪

ಇಷ್ಟು ದಿನ ಏನೂ ಬರೆದಿಲ್ಲ. ಆಫೀಸಿಗೆ ಹೋಗುತ್ತೇನೆ, ಬರುತ್ತೇನೆ.

ಇವತ್ತು ನಿತಿನನ ಫೋನು. ನನ್ನ ನಂಬರು ಋಷಿಕೇಶನ ಹತ್ತಿರ ತಗೊಂಡನಂತೆ. ಅಂದಿನ ಆವೇಶ ಇಲ್ಲ, ಧ್ವನಿ ಕುಗ್ಗಿದೆ. ಅಣ್ಣ ಉಣ್ಣುತ್ತಿಲ್ಲ. ಯಾರು ತುತ್ತು ಹಿಡಿದರೂ ನಕೊ. ಡಾಕ್ಟರು ಮೂಗಿಗೆ ನಳಿಕೆ ಹಾಕಬೇಕು ಅಂದಿದ್ದಾರೆ. ನಾನು ಕರೆದರೆ ಅತ್ತಿಗೆ ಬರುವುದಿಲ್ಲ, ನೀವು ಕರೆತರುತ್ತೀರಾ?

ಮಾರ್ಚ್ ೨೫, ರಾತ್ರಿ

ಗಾಡಿಯಲ್ಲಿ ಮಾವಶಿ ಪಕ್ಕದಲ್ಲಿ ಕೂತಿದ್ದರು. ಡಬ್ಬಿಯಲ್ಲಿ ಮೆತ್ತಗಿನ ಅನ್ನ. ಭೋರ್ ಬಿಟ್ಟೆವು, ಹೆದ್ದಾರಿ ಬಂತು, ಕಾತ್ರಜ ಬಂತು. ಇನ್ನು ತಡೆಯಲಾಗಲಿಲ್ಲ. ಗಾಡಿ ಪಕ್ಕಕ್ಕೆ ಹಾಕಿದೆ.

“ಮಾವಶಿ, ಆಫೀಸಿನವರಲ್ಲ. ನಾನು. ವಿಡಿಯೊ ಅಂತ ನಿಮಗ ಹೇಳಲಿಲ್ಲ. ಕೇಳಿ ಅಳಿಸಲಿಲ್ಲ. ಮಂದೀಗೆ ತೋರಿಸಿದೆ. ಹಾಡು ಅಂತ ಸುಳ್ಳ ಹೇಳಿದೆ.”

ಲಾರಿಗಳು ಹಾಯುತ್ತಿದ್ದವು. ಅವರು ಡಬ್ಬಿಯ ಮುಚ್ಚಳ ಒತ್ತಿ ಒತ್ತಿ ನೋಡಿದರು.

“ಗೊತ್ತದ. ನಮ್ಮ ಊರಾಗ ಕನ್ನಡ ತಿಳಿಯೂದು ನಿನಗೊಬ್ಬಾಕಿಗೆ. ನಿತಿನ ವಿಡಿಯೊ ಹಚ್ಚಿದಾಗನ ತಿಳೀತು, ಶರ್ವರಿ ಕೇಳ್ಯಾಳ ಅಂತ.”

“ಬೈರಿ ನನಗ.”

“ಏನಂತ ಬೈಲಿ? ಇಲ್ಲದ್ದ ಹುಟ್ಟಿಸಿ ಹೇಳಿದ್ರ ಬೈತಿದ್ದೆ. ನಾ ಅಂದದ್ದು ಖರೇನ ಇತ್ತು.” ಆಮೇಲೆ: “ಗಾಡಿ ಬಿಡು. ಅನ್ನ ಆರ್ತದ.”

ತಳೇಗಾಂವದಲ್ಲಿ ಮೂರನೇ ಮಾಳಿಗೆಯ ಫ್ಲ್ಯಾಟು. ನಿತಿನ ಬಾಗಿಲು ತೆಗೆದು ಪಕ್ಕಕ್ಕೆ ನಿಂತ, ತಲೆ ಎತ್ತಲಿಲ್ಲ. ಕಾಕಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಅರ್ಧಕ್ಕರ್ಧ ಆಗಿದ್ದರು.

ಮಾವಶಿ ಮರಾಠಿಯಲ್ಲಿ ಕರೆದರು. ತಿರುಗಲಿಲ್ಲ. ಹಾಸಿಗೆಯ ಅಂಚಿಗೆ ಕೂತರು, ತಮ್ಮಷ್ಟಕ್ಕೆ ತಾವೇ ಅನ್ನುವ ಹಾಗೆ ಕನ್ನಡದಲ್ಲಿ ಗೊಣಗಿದರು: “ಸಾಯಿ ಅಂತ ನಾ ಎಷ್ಟ ವರ್ಷ ಅಂದ್ರೂ ಸಾಯಲಿಲ್ಲ. ಈಗ ನಾ ಎದುರಿಗಿಲ್ಲ ಅಂತ ಉಪವಾಸ ಬಿದ್ದ ಸಾಯಾಕ ಹತ್ತಿಯೇನೋ ಹಟಮಾರಿ?”

ಕಾಕಾ ತಿರುಗಿದರು. ನಗುತ್ತಿದ್ದರು. ಬಾಯಿಯ ಒಂದೇ ಬದಿ ಏಳುವ ನಗು, ಕಣ್ಣಲ್ಲಿ ನೀರು.

ಮಾವಶಿಯ ಕೈ ಡಬ್ಬಿಯ ಮೇಲೇ ನಿಂತಿತು. “ತಿಳೀತದೇನು ನಿನಗ?” ಕನ್ನಡದಲ್ಲೇ ಕೇಳಿದರು. ಕಾಕಾ ಕಣ್ಣು ಮುಚ್ಚಿ ತೆರೆದರು. ಹೌದು.

ಅಷ್ಟು ವರ್ಷ ಅದೇ ಮನೆಯಲ್ಲಿ, ಒಲೆಯ ಮುಂದೆ, ರಾತ್ರಿ ಮಗ್ಗುಲು ಬದಲಿಸುವಾಗ ಮಾವಶಿ ಗೊಣಗಿದ್ದನ್ನೆಲ್ಲಾ ಕಾಕಾ ಕೇಳಿಸಿಕೊಂಡಿದ್ದಾರೆ. ಯಾರಿಗೂ ಹೇಳಿಲ್ಲ. ತನಗೆ ಕನ್ನಡ ತಿಳಿಯುತ್ತದೆ ಅಂತ ಆ ಮನುಷ್ಯ ಬಾಯಿ ಬಿದ್ದುಹೋಗುವ ಮೊದಲೂ ಹೇಳಿರಲಿಲ್ಲ.

ತುತ್ತು ಹಿಡಿದರು. ಉಂಡರು. ನಾನು ಬಾಲ್ಕನಿಗೆ ಹೋಗಿ ನಿಂತೆ. ಅಲ್ಲಿ ನಿಂತು ನೋಡುವ ಹಕ್ಕು ನನಗಿರಲಿಲ್ಲ.

ಸಂಜೆಯೇ ಇಬ್ಬರನ್ನೂ ಊರಿಗೆ ಬಿಟ್ಟು ಬಂದೆ. ಹೊರಡುವಾಗ ಹೇಳಿದೆ, ವಾರಕ್ಕೊಂದು ರಾತ್ರಿ ಬಂದು ಕಾಕಾನ ಹತ್ತಿರ ನಾನು ಕೂರುತ್ತೇನೆ, ನೀವು ಮಲಗಿ.

“ಬ್ಯಾಡ.” ಸಿಟ್ಟಿನಿಂದಲ್ಲ. “ನಿನ್ನ ಪಾಪಕ್ಕ ನನ್ನ ಗಂಡನ್ನ ಔಷಧ ಮಾಡಬ್ಯಾಡ. ಹೋಗಿ ಬಾ.”

ಚಹಾ ಕುಡಿದು ಹೋಗು ಅನ್ನಲಿಲ್ಲ. ಮೊದಲ ಸಲ.

ಮಾರ್ಚ್ ೨೮

ಕೇದಾರ ಸರ್‌ಗೆ ಎಲ್ಲಾ ಹೇಳಿದೆ. ಹಾಡಲ್ಲ ಅನ್ನುವುದು ಅವರಿಗೆ ಗೊತ್ತಿತ್ತು, ಊರಿಗೆ ತಿಳಿಸಿರಲಿಲ್ಲ ಅನ್ನುವುದು ಗೊತ್ತಿರಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆ ಕ್ಲಿಪ್‌ಗಳು ವರದಿಯಲ್ಲಿ ಇರುವುದಿಲ್ಲ. ಮುಂದಿನ ವರ್ಷದ ಫೀಲ್ಡು ನನಗಿಲ್ಲ. ಕ್ಯಾಮೆರಾ ಇಳಿಸಿಕೊಂಡು ಬರುವುದೊಂದು ಬಾಕಿ.

ಶಿಕ್ಷೆ ಕಡಿಮೆ ಆಯಿತು ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ನನ್ನ ಮೇಲೆ ಇನ್ನೂ ಅಸಹ್ಯ.

ಏಪ್ರಿಲ್ ೧೩, ಮಧ್ಯಾಹ್ನ

ನಿನ್ನೆ ಕ್ಯಾಮೆರಾಗಳನ್ನೆಲ್ಲಾ ಬಿಚ್ಚಿ ತಂದೆ. ಮಾವಶಿಯ ಮನೆಯ ಮುಂದೆ ಹಾಯ್ದೆ. ಒಳಗೆ ಮಾತು ಕೇಳಿಸುತ್ತಿತ್ತು, ಕನ್ನಡ, ಜೋರಾಗಿಯೇ. ಕಾಕಾಗೆ ಬಯ್ಯುತ್ತಿದ್ದರು. ನಿಲ್ಲದೆ ಬಂದೆ.

ಇವತ್ತು ಒರತೆಯ ಕಾರ್ಡು. ನೀರು ಬತ್ತುತ್ತಾ ಬಂದಿದೆ. ಭೇಕರ ಎರಡು ಸಲ ಬಂದಿದೆ, ಮರಿಯ ಜೊತೆ. ಮಾವಶಿ ಇಲ್ಲ. ಇಲ್ಲ. ಆಮೇಲೆ, ಕೊನೆಗೆ, ಇದ್ದಾರೆ. ಬಟ್ಟೆಯ ಗಂಟು ಇಲ್ಲ. ನೇರ ಮರದ ಹತ್ತಿರ ಬಂದರು. ಕ್ಯಾಮೆರಾದ ಮುಂದೆ ಕೂತರು. ಪೂರ್ತಿ ಮುಖ, ಇಷ್ಟು ಹತ್ತಿರ.

ಅಳಿಸಬೇಕು. ನಿಯಮ. ಬೆರಳು ಗುಂಡಿಯ ಮೇಲೇ ಇತ್ತು.

“ಶರ್ವರಿ,” ಅಂದರು. “ನೀ ಕೇಳ್ತೀ ಅಂತ ಗೊತ್ತದ. ಇದು ನಿನಗಷ್ಟ ಹೇಳಾಕತ್ತೀನಿ.”

ಕೇಳಿದೆ. ಕೊನೆಯವರೆಗೆ, ಒಂದೇ ಸಲ. ಆಮೇಲೆ ಅಳಿಸಿದೆ.

ಅವರು ಹೇಳಿದ್ದು —

ಇಲ್ಲ, ಇಲ್ಲಿಯೂ ಬರೆಯುವುದಿಲ್ಲ.