ಬಾವಿಯ ಜಾಗ ಹೇಳಿದವರು

ಯಲಹಂಕ, ಮಂಗಳವಾರ

ಅಕ್ಕಾ,

ಕೆಮ್ಮು ನಿಂತಿದೆ, ಕಷಾಯದ ಪುಡಿ ಇನ್ನು ಕಳಿಸಬೇಡ.

ಇಲ್ಲಿಯ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಪುಸ್ತಕಗಳಷ್ಟೇ ಅಲ್ಲ, ಸಂಶೋಧಕರು ಕಲೆಹಾಕಿದ ಮಾಹಿತಿಯನ್ನೂ ಜೋಪಾನವಾಗಿಟ್ಟು ಕೇಳಿದವರಿಗೆ ಕೊಡುತ್ತಾರೆ. ಇಲ್ಲೇ ಹತ್ತಿರದ ಸಿಂಗಾಪುರವೆಂಬ ಹಳ್ಳಿಯ ಮುಚ್ಚಿಹೋದ ಬಾವಿಗಳ ಬಗ್ಗೆ ಹಿರಿಯರು ಆಡಿದ ಮಾತುಗಳ ಧ್ವನಿಮುದ್ರಣವನ್ನು ನಾನು ಇಂದು ಒಪ್ಪಿಸಬೇಕಿತ್ತು. ಗ್ರಂಥಪಾಲಕಿ ವೇದವತಿಯವರು ಹೇಳಿದಂತೆ ಎಲ್ಲರ ಹೆಸರನ್ನೂ ತೆಗೆದು ಒಂದೊಂದು ಸಂಖ್ಯೆ ಹಾಕಿದ್ದೆ.

ನಿನ್ನೆ ಒಪ್ಪಿಗೆ ಪಡೆಯಲು ಹೋದಾಗ, ಎಂಬತ್ತು ದಾಟಿದ ದ್ರೌಪದಮ್ಮ ತಮ್ಮ ಹಾಳೆಯ ಮೇಲೆ ಹದಿನೇಳು ಎಂಬ ಅಂಕಿ ನೋಡಿ ರೇಗಿದರು. "ಅದ್ನೇಳು ಅಂತ ಬರ್ದಿದ್ದೀಯಲ್ಲ, ನಾನೇನ್ ಬಸ್ಸಾ? ನಾನೇಳಿದ್ ಬಾವಿ ತೋಡ್ಸಿದ್ದು ನಮ್ಮವ್ವ. ನನ್ನೆಸ್ರು ಇಲ್ದಿದ್ರೆ ನನ್ನ ಮಾತೂ ಬ್ಯಾಡ, ಅಳಿಸ್ಬುಡು."

ಆ ಬಾವಿಯ ಜಾಗ ಬಲ್ಲವರು ಈಗ ಅವರೊಬ್ಬರೇ. ವೇದವತಿಯವರಿಗೆ ಫೋನ್ ಮಾಡಿದೆ. "ಹೆಸರು ಮರೆಮಾಡೋದು ಅವರಿಗೆ ತೊಂದರೆ ಆಗ್ದಿರ್ಲಿ ಅಂತ ಕಣ್ರೀ. ಅವರಿಗೇ ಬೇಕು ಅಂದ್ರೆ ಬರ್ಕೊಳ್ಳಿ" ಎಂದು, ಹೆಸರು ಹಾಕಲು ಬೇರೆ ಒಪ್ಪಿಗೆ ಪತ್ರ ಕಳಿಸಿಕೊಟ್ಟರು.

ಇಂದು ಬೆಳಿಗ್ಗೆ ದ್ರೌಪದಮ್ಮ ತಮ್ಮ ಹೆಸರಿನ ಮೇಲೆ ಅವ್ವನ ಹೆಸರನ್ನೂ ಬರೆಸಿ ಹೆಬ್ಬೆಟ್ಟು ಒತ್ತಿದರು. ಮುನಿತಾಯಮ್ಮ. ಆರು ತಿಂಗಳು ಓಡಾಡಿದರೂ ಅದನ್ನು ಕೇಳಬೇಕೆಂದು ನನಗೆ ಹೊಳೆದಿರಲಿಲ್ಲ.

ಕಾರ್ಡು ತುಂಬಿತು.

ಶರ್ವಾಣಿ