ಮನೆಗೊಂದು, ಆವಿಗೂಡಿಗೊಂದು

ರಾಯಚೂರು
ಇಸವಿ ೨೧೮೬, ಎರಡನೆಯ ಬೇಸಿಗೆಯ ಮೂವತ್ತೊಂಬತ್ತನೆಯ ದಿನ

ಹೆಡ್‌ಫೋನ್ ಕೊಳ್ಳಲು ಹೊರಟಿರುವ ಅಪರಿಚಿತರಿಗೆ,

ಮೇಲಿನ ತಾರೀಖನ್ನು ನೋಡಿಯೇ ನೀವು ಈ ಕಾಗದವನ್ನು ಬದಿಗಿಡಬಹುದು. ನಿಮ್ಮ ಪಂಚಾಂಗದಲ್ಲಿ ಬೇಸಿಗೆ ಒಂದೇ ಇತ್ತೆಂದು ಓದಿದ್ದೇನೆ. ನಮಗೆ ದೀಪಾವಳಿ ಮುಗಿಯುತ್ತಿದ್ದಂತೆ ಎರಡನೆಯದು ಶುರುವಾಗುತ್ತದೆ. ನನ್ನ ಕೆಲವು ಮಾತುಗಳೂ ನಿಮ್ಮ ಕಿವಿಗೆ ಅಪರಿಚಿತವಾಗಿ ಕೇಳಿಸಬಹುದು, ಅದಕ್ಕೆ ಕ್ಷಮೆ ಇರಲಿ; ಅಂಥ ಮಾತು ಬಂದಲ್ಲಿ ಬಿಡಿಸಿ ಹೇಳುತ್ತೇನೆ. ಇಂಥ ಕಾಗದಕ್ಕೆ ನಾವು ಹಿನ್ನೋಲೆ ಎನ್ನುತ್ತೇವೆ. ಅರವತ್ತು ತುಂಬಿದವರು ತಾವು ಹುಟ್ಟುವುದಕ್ಕಿಂತ ನೂರು ವರ್ಷ ಹಿಂದಿದ್ದವರಿಗೆ ಒಂದೇ ಒಂದು ಹಿನ್ನೋಲೆ ಬರೆಯಬಹುದು. ಅದು ತಲುಪಿತೋ ಇಲ್ಲವೋ ಗೊತ್ತಾಗುವುದಿಲ್ಲ. ತಾನು ಬದುಕಿದ ಕಾಲಕ್ಕೆ ಬರೆದುಕೊಳ್ಳಲು ಯಾರಿಗೂ ಸಾಧ್ಯವಿಲ್ಲ. ಸಾಧ್ಯವಿದ್ದಿದ್ದರೆ ನಾನು ನಿಮಗೆ ಈ ತೊಂದರೆ ಕೊಡುತ್ತಿರಲಿಲ್ಲ.

ನನ್ನ ಹೆಸರು ಹುಲಿಗೆಮ್ಮ. ಕಿವಿಜೋಡು ಮಾರುವ ಅಂಗಡಿ ಇಟ್ಟಿದ್ದೇನೆ. ಕಾಲಿಗೆ ಜೋಡು ಇದ್ದಂತೆ ಕಿವಿಗೂ ಜೋಡು. ನೀವು ಹೆಡ್‌ಫೋನ್ ಎನ್ನುವುದೇ ಅದು. ಹರೆಯದಲ್ಲಿ ನಾನು ತಟ್ಟೆಗಾರ್ತಿಯಾಗಿದ್ದೆ, ಅಂದರೆ ನಿಮ್ಮ ಮಾತಿನಲ್ಲಿ ಡಿಜೆ. ನಿಮ್ಮ ಕಾಲದ ಯಂತ್ರಗಳೊಳಗಿನ ಹಾಡುಗಳೆಲ್ಲ ಅಳಿಸಿಹೋದ ಮೇಲೆ ನಮ್ಮವರು ಹಳೆಯ ಪ್ಲಾಸ್ಟಿಕ್ ಕರಗಿಸಿ ತಟ್ಟೆ ಒತ್ತಿದರು, ಅದರ ಮೇಲೆ ಮುಳ್ಳು ಓಡಿಸಿ ಹಾಡು ಎತ್ತಿದರು. ಎರಡು ತಟ್ಟೆ ತಿರುಗಿಸುವುದು, ಜನ ಒಂದಕ್ಕೆ ಕುಣಿಯುತ್ತಿರುವಾಗಲೇ ಇನ್ನೊಂದನ್ನು ಕಿವಿಜೋಡಿನಲ್ಲಿ ಕೇಳಿ ತಾಳ ಹೊಂದಿಸುವುದು, ಹೊಲಿಗೆ ಕಾಣದ ಹಾಗೆ ಒಂದರಿಂದ ಇನ್ನೊಂದಕ್ಕೆ ದಾಟಿಸುವುದು. ಈ ವಿದ್ಯೆ ನಿಮಗೆ ಹೊಸದಲ್ಲ.

ಕುಣಿತ ನಡೆಯುತ್ತಿದ್ದುದು ಆವಿಗೂಡಿನಲ್ಲಿ. ನಿಮ್ಮವರು ಕಲ್ಲಿದ್ದಲು ಸುಟ್ಟು ಕರೆಂಟು ತೆಗೆಯುತ್ತಿದ್ದಾಗ ನೀರನ್ನು ತಣಿಸಲು ಕಟ್ಟಿದ, ನಡು ಸಣ್ಣಗಿರುವ ದೊಡ್ಡ ಸಿಮೆಂಟ್ ಗೋಪುರವೊಂದು ಕೃಷ್ಣೆಯ ದಂಡೆಯಲ್ಲಿ ಇನ್ನೂ ನಿಂತಿದೆ. ಅದರೊಳಗೆ ಒಂದು ಚಪ್ಪಾಳೆ ತಟ್ಟಿದರೆ ಹನ್ನೊಂದು ಸೆಕೆಂಡು ಸುತ್ತುತ್ತದೆ. ಬೆಳಗಿನ ತಂಪುಹೊತ್ತಿನಲ್ಲಿ, ಅಂದರೆ ಸೂರ್ಯ ಹುಟ್ಟಿದ ಮೇಲಿನ ಮೂರು ತಾಸಿನಲ್ಲಿ, ನಾವು ಮಾಡುವುದೆಲ್ಲವನ್ನೂ ಮಾಡಿ ಮುಗಿಸಬೇಕು: ಸಜ್ಜೆ ಹೊಲಕ್ಕೆ ನೀರು ಬಿಡುವುದು, ಬಟ್ಟೆ ಒಣಗಿಸುವುದು, ಮದುವೆ, ಸತ್ತವರನ್ನು ಮಣ್ಣು ಮಾಡುವುದು, ಕುಣಿತ. ಆಮೇಲೆ ಬಿಸಿಕೂಗು ಆಗುತ್ತದೆ. ಊರಿಗೆಲ್ಲ ಕೇಳಿಸುವ ಆ ಸೈರನ್ ಕೂಗಿದರೆ ಕಾಲು ಗಂಟೆಯೊಳಗೆ ಎಲ್ಲರೂ ನೆಲಮನೆ ಸೇರಬೇಕು. ನಮ್ಮ ಮನೆಗಳು ನೆಲದಡಿಯ ಬಂಡೆಯಲ್ಲಿ ಕೊರೆದವು. ಕಾಲು ಗಂಟೆ ಕಳೆದರೆ ಮನೆಯ ಬಿಸಿಬಾಗಿಲು ತಾನಾಗಿ ಬೀಗ ಹಾಕಿಕೊಳ್ಳುತ್ತದೆ, ಸಂಜೆಯವರೆಗೆ ಒಳಗಿದ್ದವರಷ್ಟೇ ಅದನ್ನು ತೆಗೆಯಬಹುದು. ಹಿಂದೆ ಯಾರೋ ಹೊರಗಿನಿಂದ ತೆಗೆದು ಹಾಗೇ ಬಿಟ್ಟುಹೋಗಿ, ಒಳಗೆ ಮಲಗಿದ್ದ ಬಾಣಂತಿ ಮತ್ತು ಕೂಸು ಬೆಂದುಹೋದರಂತೆ. ಅಂದಿನಿಂದ ಆ ನಿಯಮ.

ಅಂಥದೊಂದು ನೆಲಮನೆಯಲ್ಲಿ ನಾವು ಮೂವರು. ಅವ್ವ ತಾಯಮ್ಮ ನೀರುಮನೆಯಲ್ಲಿ ಕವಾಟ ತಿರುಗಿಸುವ ಕೆಲಸದಲ್ಲಿದ್ದಳು. ಅಣ್ಣ ಈರೇಶ ನನಗಿಂತ ಎರಡು ವರ್ಷಕ್ಕೆ ದೊಡ್ಡವನು, ಅವನೂ ತಟ್ಟೆಗಾರ. ಕೈ ನನ್ನದಕ್ಕಿಂತ ಹಗುರ, ಜನ ಅವನನ್ನೇ ಕೇಳಿ ಕರೆಸುತ್ತಿದ್ದರು. ಅವನಿಗೊಂದು ಚಟವಿತ್ತು: ಸದಾ ಏನಾದರೊಂದು ಗುನುಗುತ್ತಿದ್ದ. ಹಲ್ಲುಜ್ಜುವಾಗ, ರೊಟ್ಟಿ ಮುರಿಯುವಾಗ, ನಾನು ತಾಳ ಹೊಂದಿಸುತ್ತ ಕೂತಾಗ. ಅವನ ಗುನುಗು ನನ್ನ ತಾಳವನ್ನು ಕೆಡಿಸುತ್ತಿತ್ತು. ಕೆಡಿಸದಿದ್ದಾಗಲೂ, ಅದು ನನ್ನದಕ್ಕಿಂತ ಸರಿಯಾಗಿದೆ ಎಂದು ಗೊತ್ತಾಗಿ ಇನ್ನಷ್ಟು ಸಿಟ್ಟು ಬರುತ್ತಿತ್ತು.

ಇಪ್ಪತ್ಮೂರನೆಯ ವಯಸ್ಸಿಗೆ ಆವಿಗೂಡಿನಲ್ಲಿ ಒಬ್ಬಳೇ ನುಡಿಸುವ ಅವಕಾಶ ನನಗೆ ಮೊದಲ ಸಲ ಬಂತು. ನನ್ನ ಹಳೆಯ ಕಿವಿಜೋಡಿನ ಒಂದು ಬದಿ ಸತ್ತಿತ್ತು. ಅಣ್ಣ ನನ್ನನ್ನು ಜೈತುನ್‌ಬಿಯ ಅಂಗಡಿಗೆ ಕರೆದುಕೊಂಡು ಹೋದ. ಜೈತುನ್‌ಬಿ ಮೂವತ್ತು ವರ್ಷ ಆವಿಗೂಡಿನಲ್ಲಿ ನುಡಿಸಿ, ಎಡಗಿವಿ ಕಳೆದುಕೊಂಡು, ರಿಪೇರಿಗೆ ಕೂತವರು. ನನ್ನ ತಲೆಗೆ ಒಂದೊಂದಾಗಿ ಏರಿಸಿ, "ತಲಿ ಅಲ್ಲಾಡಸು, ಕುಣಿ, ಬಗ್ಗು" ಎಂದರು. ಜಾರಿದ್ದನ್ನು ಬದಿಗಿಟ್ಟರು. ಕಿವಿಯ ಮೇಲೆ ಕೂರುವ ಬಟ್ಟಲೊಂದನ್ನು ಹಿಂದಕ್ಕೆ ತಿರುಗಿಸಿ, ಅದನ್ನು ಕಿವಿಗೂ ಭುಜಕ್ಕೂ ನಡುವೆ ಒತ್ತಿ ಹಿಡಿಯಲು ಹೇಳಿದರು. ಬಟ್ಟಲು ತಿರುಗದಿದ್ದರೆ ಅದು ನಮ್ಮ ಕಸುಬಿಗಲ್ಲ. ಬೆವರಿಗೆ ಮೆತ್ತೆ ಕೊಳೆಯುತ್ತದೆ, ಬಿಚ್ಚಿ ಬದಲಾಯಿಸಲು ಬರಬೇಕು. ವೈರು ಸುರುಳಿಯಾಗಿರಬೇಕು, ಎಳೆದರೆ ಕೈಗೆ ಬರಬಾರದು. ಕೊನೆಗೆ ಎರಡನ್ನು ಮುಂದಿಟ್ಟರು.

"ಇದು ಮುಚ್ಚಿದ್ದು. ಕಿವಿಗೆ ಬಿಗಿಯಾಗಿ ಕೂಡತದ, ಹೊರಗಿನ ಸದ್ದು ನುಂಗತದ. ಆ ಗೂಡಿನ್ಯಾಗ ಹನ್ನೊಂದು ಸೆಕೆಂಡ್ ಮಾರ್ದನಿ ನಡುವ ನಿನ್ನ ತಟ್ಟಿ ಕೇಳಬೇಕಂದ್ರ ಇದ ಬೇಕು. ಆದರ ಅಲ್ಲೂ ಒಂದು ಕಿವಿ ತೆರದಿಡು, ಜನ ಏನು ಮಾಡಾಕತ್ಯಾರ ಗೊತ್ತಾಗಬೇಕು. ಇದು ತೆರೆದದ್ದು, ಮನಿಗೆ. ಬಟ್ಟಲದಾಗ ತೂತು ಅದಾವು, ಗಾಳಿ ಆಡತದ. ತಾಸುಗಟ್ಟಲೆ ಹಾಕ್ಕೊಂಡ್ರೂ ಕಿವಿ ದಣಿಯೂದಿಲ್ಲ. ಹಾಡು ಸುಳ್ಳು ಹೇಳೂದಿಲ್ಲ. ಮನಿ ಸದ್ದೂ ಕೇಳತದ."

"ಅದ ನನಗ ಬ್ಯಾಡ," ಎಂದೆ. "ಮನಿ ಸದ್ದ ಬ್ಯಾಡಾಗಿ ಬಂದೀನಿ. ಮುಚ್ಚಿದ್ದ ಕೊಡ್ರಿ, ಎರಡೂ ಕಡಿ ಅದ ನಡೀತದ. ಗೂಡಿನ್ಯಾಗ ಯಾವುದರಾಗ ಕೇಳತೀನೋ ಮನ್ಯಾಗೂ ಅದರಾಗ ಕೇಳಿದ್ರ ಕೈ ಕೂಡತದ."

ವಾದ ತಪ್ಪಲ್ಲ. ಇಂದಿಗೂ ನನ್ನ ಗಿರಾಕಿಗಳು ಅದನ್ನೇ ಹೇಳುತ್ತಾರೆ. ಜೈತುನ್‌ಬಿ ತೆರೆದದ್ದನ್ನು ಸುಮ್ಮನೆ ಒಯ್ಯಲು ಹೇಳಿದರು, ಹಿಡಿಸದಿದ್ದರೆ ತಿರುಗಿ ಕೊಡು ಎಂದರು. ನಾನು ಕೈ ಹಿಂದಕ್ಕೆ ಕಟ್ಟಿಕೊಂಡೆ. ಅಣ್ಣ ನಕ್ಕ. "ನನ್ನ ಬಾಯಿ ಮುಚ್ಚಸಾಕ ಆಗಲಿಲ್ಲ, ತನ್ನ ಕಿವಿ ಮುಚ್ಚಿಕೊಳ್ಳಾಕತ್ಯಾಳ. ಕೊಡ್ರಿ ಆಪಾ, ಅಕಿ ಕೇಳಿದ್ದ ಕೊಡ್ರಿ."

ನುಡಿಸುವ ದಿನಕ್ಕೆ ಇನ್ನೆರಡು ದಿನ ಇತ್ತು. ಅವ್ವ ನೀರುಮನೆಗೆ ಹೋಗಿದ್ದಳು. ತಂಪುಹೊತ್ತು ಮುಗಿಯುವ ಮುಂಚೆ ಅಣ್ಣ ಬಿಸಿಲಿನಿಂದ ಕರೆಂಟು ತೆಗೆಯುವ ಬಿಸಿಲುಹಲಗೆಗಳ ಧೂಳು ಒರೆಸಲು ಮೇಲೆ ಹೋದ. ಹೋಗುವಾಗ ನನ್ನ ತಲೆಯ ಮೇಲೆ ಮೊಟಕಿದ. ನಾನು ಅವನತ್ತ ತಿರುಗಲಿಲ್ಲ. ಕಿವಿಜೋಡು ಬಿಗಿಯಾಗಿ ಕೂತಿತ್ತು. ಅವನು ಏನಾದರೂ ಹೇಳಿದ್ದರೂ ನನಗೆ ಕೇಳಿಸಿಲ್ಲ. ಆ ದಿನ ಬಿಸಿಕೂಗು ಮುಕ್ಕಾಲು ಗಂಟೆ ಮೊದಲೇ ಆಯಿತಂತೆ. ಅದೂ ನನಗೆ ಕೇಳಿಸಲಿಲ್ಲ.

ಎರಡು ಹಲಗೆ ಉಳಿದಿದ್ದವು, ಮುಗಿಸಿಯೇ ಇಳಿಯೋಣ ಎಂದುಕೊಂಡಿರಬೇಕು. ಬಾಗಿಲು ಬೀಗ ಹಾಕಿಕೊಂಡಿತು. ಪಕ್ಕದ ನೆಲಮನೆ ನೂರು ಹೆಜ್ಜೆ ದೂರ. ಮೊದಲ ಹತ್ತು ನಿಮಿಷದಲ್ಲಿ ಅಲ್ಲಿಗೆ ಓಡಿದ್ದರೆ ಉಳಿಯುತ್ತಿದ್ದ ಎಂದು ವೈದ್ಯರು ಆಮೇಲೆ ಹೇಳಿದರು. ಅವನು ಓಡಲಿಲ್ಲ. ತಂಗಿ ಒಳಗಿದ್ದಾಳೆ, ತೆಗೆಯುತ್ತಾಳೆ ಎಂದು ನಿಂತ.

ನಾನು ನುಡಿಸುತ್ತಿದ್ದೆ. ಆ ದಿನದಷ್ಟು ಚೆನ್ನಾಗಿ ಹಿಂದೆಂದೂ ನುಡಿಸಿರಲಿಲ್ಲ. ನೀರಡಿಕೆಯಾಗಿ ಕಿವಿಜೋಡು ತೆಗೆದಾಗ ಮನೆ ಪೂರ್ತಿ ಸುಮ್ಮನಿತ್ತು. ಗುನುಗು ಇಲ್ಲ. "ಈರೇಶಾ" ಎಂದು ಕರೆದೆ, ಇನ್ನೊಮ್ಮೆ ಕರೆದೆ. ಗಡಿಯಾರ ನೋಡಿದೆ. ಬಾಗಿಲು ತೆಗೆದಾಗ ಅದಕ್ಕೆ ಒರಗಿ ಕೂತಿದ್ದವನು ಒಳಕ್ಕೆ, ನನ್ನ ಕಾಲ ಮೇಲೆ ಬಿದ್ದ. ಹಲಗೆ ಒರೆಸುವ ಕಬ್ಬಿಣದ ಕೋಲು ಇನ್ನೂ ಮುಷ್ಟಿಯಲ್ಲಿತ್ತು. ಮೈ ಬಿಸಿಯಾಗಿತ್ತು. ಆದರೆ ಆ ಬಿಸಿ ಅವನದಾಗಿರಲಿಲ್ಲ.

ನಲವತ್ತು ದಿನ ನಾನು ತಟ್ಟೆ ಮುಟ್ಟಲಿಲ್ಲ. ಆಮೇಲೊಂದು ಬೆಳಿಗ್ಗೆ ಆ ದಿನದ ನೆನಪುತಂತಿ ಕೈಗೆ ಸಿಕ್ಕಿತು. ಅಭ್ಯಾಸ ಮಾಡುವಾಗ ನುಡಿಸಿದ್ದೆಲ್ಲವನ್ನೂ ಹಿಡಿದಿಡುವ ಲೋಹದ ಎಳೆಯ ಉಂಡೆ ಅದು. ಯಾಕೆ ಹಾಕಿ ಕೇಳಿದೆನೋ ಹೇಳಲಾರೆ. ಹಾಡಿನ ಅಡಿಯಲ್ಲಿ ಒಂದು ಸದ್ದಿತ್ತು. ಢಬ್. ಢಬ್. ಢಬ್. ತಟ್ಟೆಯ ಯಂತ್ರವನ್ನು ನಾನಿಟ್ಟಿದ್ದುದು ಬಾಗಿಲಿನ ಗೋಡೆಯಲ್ಲೇ ಕೊರೆದ ಬಂಡೆಯ ಹಲಗೆಯ ಮೇಲೆ. ಕೋಲು ಬಾಗಿಲಿಗೆ ಬಡಿದಾಗ ಬಂಡೆ ಅದುರಿದೆ, ಬಂಡೆಯ ಅದುರನ್ನು ಮುಳ್ಳು ಎತ್ತಿಕೊಂಡಿದೆ. ಕಿವಿಜೋಡು ಗಾಳಿಯ ಸದ್ದನ್ನು ನುಂಗಿತೇ ಹೊರತು ಮುಳ್ಳಿನ ಸದ್ದನ್ನಲ್ಲ.

ಆಗ ನೆನಪಾಯಿತು. ಆ ದಿನ ಅದು ನನಗೆ ಕೇಳಿಸಿತ್ತು. ಎರಡನೆಯ ತಟ್ಟೆಯ ತಾಳ ಜಾರುತ್ತಿದೆ ಎಂದುಕೊಂಡಿದ್ದೆ. ಬೆರಳ ತುದಿಯಿಂದ ತಟ್ಟೆಯನ್ನು ಒಂದಿಷ್ಟು ತಡೆದು, ಹೊಂದಿಸಿ, ಹೊಂದಿತಲ್ಲ ಎಂದು ಹಿಗ್ಗಿದ್ದೆ. ಮತ್ತೆ ಜಾರಿತು, ಮತ್ತೆ ತಡೆದೆ. ತಂತಿಯಲ್ಲಿ ಅದೆಲ್ಲ ಇದೆ. ಅವನ ಬಡಿತ ನಿಧಾನವಾಗುತ್ತ ಹೋದಂತೆ ನನ್ನ ಹಾಡೂ ನಿಧಾನವಾಗುತ್ತ ಹೋಗಿದೆ. ಇಪ್ಪತ್ತೆರಡು ನಿಮಿಷ. ಹೊಲಿಗೆ ಎಲ್ಲೂ ಕಾಣುವುದಿಲ್ಲ.

ಹನ್ನೊಂದು ತಿಂಗಳು ಅದನ್ನು ಅವ್ವನಿಂದ ಮುಚ್ಚಿಟ್ಟೆ. ಅಕ್ಕಿ ಡಬ್ಬಿಯ ಹಿಂದೆ ಇಟ್ಟಿದ್ದು ಹೇಗೋ ಅವಳ ಕೈಗೆ ಸಿಕ್ಕಿತು. ಉಂಡೆಯ ಮೇಲೆ ತಾರೀಖು ಬರೆದಿದ್ದೆ.

"ಕೇಳಸು," ಎಂದಳು.

"ಬ್ಯಾಡವ್ವಾ."

"ಹನ್ನೊಂದು ತಿಂಗಳ ನಿನ್ನ ಮಾರಿ ನೋಡಾಕತ್ತೀನಿ. ಕೇಳಸು."

ಅದೇ ಕಿವಿಜೋಡನ್ನು ಅವಳ ತಲೆಗೆ ಏರಿಸಿದೆ. ಅವಳಿಗೆ ಅಂಥದ್ದನ್ನು ಹಾಕಿ ಅಭ್ಯಾಸವಿರಲಿಲ್ಲ, ಎರಡೂ ಕೈಯಿಂದ ಒತ್ತಿ ಹಿಡಿದಳು. ಸ್ವಲ್ಪ ಹೊತ್ತಿನ ಮೇಲೆ ಅವಳ ತುಟಿ ಅಲುಗತೊಡಗಿತು. ಎಣಿಸುತ್ತಿದ್ದಾಳೆ ಎಂದು ಗೊತ್ತಾಯಿತು. ನಿಲ್ಲಿಸಲು ಕೈ ಚಾಚಿದೆ. "ಮುಟ್ಟಬ್ಯಾಡ," ಎಂದು ಚೀರಿದಳು. ಕಿವಿ ಮುಚ್ಚಿದವರು ಮಾತಾಡುವ ಹಾಗೆ, ಅಷ್ಟು ಜೋರಾಗಿ. ಕೊನೆಯ ಬಡಿತದ ಆಚೆಗೂ ಹಾಡು ಮುಗಿಯುವವರೆಗೆ ಕೇಳಿ, ಕಿವಿಜೋಡು ತೆಗೆದು ಮಡಿಲಲ್ಲಿಟ್ಟುಕೊಂಡಳು.

"ಕಡೀತನಕ ಅವನ ಜೋಡಿ ಬಾರಿಸೀದಿ ನೀನು," ಎಂದಳು.

ಅಷ್ಟೇ. ಎದ್ದು ಹೋಗಿ ಒಲೆ ಹಚ್ಚಿದಳು. ಆ ಮಾತನ್ನು ಅವಳು ಸಮಾಧಾನಕ್ಕೆ ಹೇಳಿದಳೋ, ಶಾಪವಾಗಿ ಹೇಳಿದಳೋ ನನಗೆ ತಿಳಿಯಲಿಲ್ಲ. ಆಮೇಲೂ ನಾವು ಹತ್ತು ವರ್ಷ ಒಂದೇ ಮನೆಯಲ್ಲಿದ್ದೆವು. ಅವಳು ನನ್ನ ತಲೆ ಬಾಚಿದಳು, ಜ್ವರ ಬಂದಾಗ ಗಂಜಿ ಕುಡಿಸಿದಳು. ಕೇಳಲು ನನಗೆ ಬಾಯಿ ಬರಲಿಲ್ಲ. ಅವಳು ಸತ್ತು ಇಪ್ಪತ್ತಾರು ವರ್ಷವಾಯಿತು. ಕೆಲವು ದಿನ ಆ ಮಾತು ಒಂದು ರೀತಿ ಕೇಳಿಸುತ್ತದೆ, ಕೆಲವು ದಿನ ಇನ್ನೊಂದು ರೀತಿ.

ನಾನು ಮತ್ತೆ ಆವಿಗೂಡಿನಲ್ಲಿ ನುಡಿಸಿದೆ, ಒಂಬತ್ತು ವರ್ಷ. ನಿಲ್ಲಿಸಿದ್ದು ಒಂದು ಬೆಳಿಗ್ಗೆ, ಸಾವಿರ ಜನ ಕುಣಿಯುತ್ತಿದ್ದಾಗ ನನ್ನ ಬೆರಳು ಚೆನ್ನಾಗಿ ಹೊಂದಿದ್ದ ತಟ್ಟೆಯನ್ನು ತಾನಾಗಿಯೇ ತಡೆಯಲು ಶುರುಮಾಡಿದ್ದರಿಂದ. ಜನ ಅದನ್ನು ಹೊಸ ಬಗೆಯ ನುಡಿಸುವಿಕೆ ಎಂದುಕೊಂಡು ನಿಧಾನವಾಗಿ ಕುಣಿದರು, ಇನ್ನೂ ನಿಧಾನವಾಗಿ, ಕೊನೆಗೆ ಎಲ್ಲರೂ ನಿಂತು ನನ್ನನ್ನೇ ನೋಡಿದರು. ಕಿವಿಜೋಡು ಕಳಚಿಟ್ಟು ಇಳಿದುಬಂದೆ. ಜೈತುನ್‌ಬಿ ಅಂಗಡಿಯಲ್ಲಿ ಪಕ್ಕದ ಕುರ್ಚಿ ಕೊಟ್ಟರು, ಆಮೇಲೆ ಅಂಗಡಿಯನ್ನೂ.

ಇದನ್ನು ಓದುತ್ತಿರುವವರೇ, ಕ್ಲಬ್ಬಿಗೆ ಮುಚ್ಚಿದ್ದನ್ನೇ ಕೊಳ್ಳಿ, ಅದಿಲ್ಲದೆ ಅಲ್ಲಿ ಕೆಲಸ ಸಾಗದು. ಬಟ್ಟಲು ತಿರುಗುತ್ತದೆಯೇ, ಮೆತ್ತೆ ಬಿಚ್ಚಲು ಬರುತ್ತದೆಯೇ ನೋಡಿ. ಕಿವಿ ನೋಯುವಷ್ಟು ಜೋರಿಡಬೇಡಿ. ಆದರೆ ಮನೆಯಲ್ಲಿ ಯಾರಾದರೂ ಇದ್ದರೆ, ಅವರು ಕೆಮ್ಮುವವರಾಗಿರಲಿ, ಜಗಳವಾಡುವವರಾಗಿರಲಿ, ಗುನುಗುವವರಾಗಿರಲಿ, ಮನೆಗೆ ತೆರೆದದ್ದೊಂದನ್ನು ಇಟ್ಟುಕೊಳ್ಳಿ. ಇದು ಬೇಡಿಕೆ. ಇದಕ್ಕಿಂತ ದೊಡ್ಡದನ್ನು ಕೇಳಲು ನನಗೆ ಗೊತ್ತಿಲ್ಲ.

ನಿನ್ನೆ ಸಾಬವ್ವ ಎಂಬ ತಟ್ಟೆಗಾರ್ತಿ ಬಂದಿದ್ದಳು. ಮುಚ್ಚಿದ್ದು ಮಾತ್ರ ಬೇಕೆಂದಳು. ನಾನು ನಿಮಗೆ ಹೇಳಿದ್ದನ್ನೆಲ್ಲ ಅವಳಿಗೂ ಹೇಳಿದೆ. ಪಾಪ, ಕಣ್ಣಲ್ಲಿ ನೀರು ತಂದುಕೊಂಡಳು. ಆದರೂ ಮುಚ್ಚಿದ್ದನ್ನಷ್ಟೇ ಒಯ್ದಳು. ಮನೆಯಲ್ಲಿ ಗಂಡ, ಇಬ್ಬರು ಮಕ್ಕಳಿದ್ದಾರಂತೆ. ಹೋಗುವ ಮುಂಚೆ ಅವಳ ಮನೆಯ ಗುರುತು ಕೇಳಿ ಬರೆದಿಟ್ಟುಕೊಂಡೆ. ನನ್ನ ಪಟ್ಟಿಯಲ್ಲಿ ಈಗ ಅಂಥ ಹದಿನೇಳು ಮನೆಗಳಿವೆ. ತಂಪುಹೊತ್ತು ಮುಗಿಯುತ್ತ ಬಂದಾಗ ಅಂಗಡಿ ಮುಚ್ಚಿ, ಕೊಡೆ ಹಿಡಿದು, ಒಂದೊಂದು ಬಾಗಿಲ ಮುಂದೆಯೂ ಹಾದುಹೋಗುತ್ತೇನೆ. ಹೊರಗೆ ಯಾರಾದರೂ ಉಳಿದಿದ್ದಾರೆಯೇ ನೋಡುತ್ತೇನೆ. ಈಗ ಕಾಲು ಮೊದಲಿನಂತಿಲ್ಲ, ಇಂದು ಸ್ವಲ್ಪ ಬೇಗ ಹೊರಡಬೇಕು.

ನಿಮಗೆ ಒಳ್ಳೆಯದಾಗಲಿ.

ಹುಲಿಗೆಮ್ಮ