ಬೇರೆ ಕಂಪನಿ ಗಾಡಿ

ಅಪ್ಪಾ,

ಉಪ್ಪಿಟ್ಟು ಹಾಟ್‌ಬಾಕ್ಸಲ್ಲಿದೆ. ಸಾರಿನ ಪಾತ್ರೇಲಿ ಸೀಮೆಎಣ್ಣೆ ಹಾಕಿ ನೀನು ನೆನೆಸಿಟ್ಟಿರೋ ಗಾಡಿಯ ಹಳೇ ಚೈನನ್ನ ಅಮ್ಮ ನೋಡೋ ಮುಂಚೆ ತೆಗೆದುಬಿಡು.

ಹನ್ನೊಂದಕ್ಕೆ ತ್ಯಾಗರಾಜನಗರದಲ್ಲಿ ಮಂಡಿಗೆ ಫಿಸಿಯೋ ಇದೆ, ಮರೀಬೇಡ. ಇನ್ಮೇಲೆ ಕಿಕ್ ಹೊಡೀಬಾರ್ದು ಅಂತ ಡಾಕ್ಟರ್ ಹೇಳಿದ್ದು ನಿನ್ನ ಮಂಡಿ ವಿಷಯ, ಗಾಡಿ ವಿಷಯ ಅಲ್ಲ. "ನಂದು ಜಪಾನ್ ಇಂಜಿನ್ ಡಾಕ್ಟ್ರೇ, ಒಂದೇ ಕಿಕ್ಕು" ಅಂತ ನೀನು ವಾದ ಮಾಡಿದ್ದಕ್ಕೆ ಆ ನರ್ಸ್ ಇನ್ನೂ ನಗ್ತಿರಬೇಕು.

ಅದಕ್ಕೇ ನಿನ್ನ ಯಮಹಾ ಆರ್‌ಎಕ್ಸ್ ಹಂಡ್ರೆಡ್ ಬೈಕಿನ ಕಿಕ್ಕರ್ ಬಿಚ್ಚಿ ಆಫೀಸಿಗೆ ತಗೊಂಡು ಹೋಗ್ತಿದೀನಿ. ತಳ್ಳಿ ಸ್ಟಾರ್ಟ್ ಮಾಡ್ತೀಯ ಅಂತ ಗೊತ್ತು, ಸ್ಪಾರ್ಕ್ ಪ್ಲಗ್ಗೂ ನನ್ನ ಬ್ಯಾಗಲ್ಲೇ ಇದೆ. ಬಿಚ್ಚೋದು ಕಲಿಸಿದ್ದು ನೀನೇ, ಬೈಬೇಡ.

ನಾನು ಮೆಟ್ರೋದಲ್ಲಿ ಹೋಗ್ತೀನಿ. ನನ್ನ ಸ್ಕೂಟರ್ ಕೀ ಮೊಳೇಲಿದೆ, ಫಿಸಿಯೋಗೆ ಅದ್ರಲ್ಲೇ ಹೋಗು. ಹೌದು, ಬೇರೆ ಕಂಪನೀದು. ಆಯುಧಪೂಜೆ ದಿನ ನಿನ್ನ ಯಮಹಾಗೆ ಬೂದುಗುಂಬಳ ಒಡೆದು, ಇದರ ಚಕ್ರದ ಕೆಳಗೆ ಒಂದು ನಿಂಬೆಹಣ್ಣೂ ಇಡಲಿಲ್ವಲ್ಲ, ಅದೇ. ಪಾಪ, ಅದೇನೂ ಮನಸ್ಸಲ್ಲಿ ಇಟ್ಕೊಂಡಿಲ್ಲ. ಗುಂಡಿ ಒತ್ತಿದ್ರೆ ಸಾಕು, ಬರುತ್ತೆ.

ದಾರೀಲಿ ಗಾಂಧಿಬಜಾರಲ್ಲಿ ನಿನ್ನ ಯಮಹಾ ಬಳಗ ಕಾಫಿಗೆ ನಿಂತಿರುತ್ತೆ. ಹೆದರ್ಬೇಡ. ಮುಖ ಪೂರ್ತಿ ಮುಚ್ಚೋ ಹೆಲ್ಮೆಟ್ ಸೀಟಿನ ಮೇಲೆ ಇಟ್ಟಿದೀನಿ.

ಯಶು